ಇಬ್ಸನ್ನನ ನಾಟಕ, ಸತ್ಯಜಿತ್ ರೇ ಅವರ ಸಿನಿಮಾ ಮತ್ತು ನಮ್ಮ ನಲ್ಲಿಯ ನೀರು

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ಸಾಹಿತ್ಯದವನಲ್ಲ. ಸಿವಿಲ್ ಇಂಜಿನಿಯರಿಂಗ್ ಓದಿ ಮೂವತ್ನಾಲ್ಕು ವರ್ಷ ಸರ್ಕಾರಿ ನೌಕರಿ ಮಾಡಿದವನು. ಅದರಲ್ಲಿ ಬಹುಪಾಲು ಕುಡಿಯುವ ನೀರಿನ ಯೋಜನೆಗಳಲ್ಲೇ ಕಳೆಯಿತು. ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದಾಗ ಪೂಜ್ಯರು ಕರೆಸಿ, ನಿಲಯದ ಪಿಯುಸಿ ಹುಡುಗರಿಗೆ ಭಾನುವಾರ ಗಣಿತ ಹೇಳಿಕೊಡಿ ಎಂದರು. ಒಪ್ಪಿಕೊಂಡೆ. ಆರು ತಿಂಗಳಾದ ಮೇಲೆ, ಇಂಗ್ಲಿಷಿನ ಭಯವನ್ನೂ ಸ್ವಲ್ಪ ಬಿಡಿಸಿ ಎಂದರು. ಅದನ್ನೂ ಒಪ್ಪಿಕೊಂಡದ್ದು ನನ್ನ ತಪ್ಪು. ಏನು ಓದಿಸಬೇಕೆಂದು ಹೊಳೆಯಲಿಲ್ಲ. ಕಾಲೇಜಿನ ದಿನಗಳಲ್ಲಿ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡ ಒಂದು ನಾಟಕ ನನ್ನ ಹತ್ತಿರ ಉಳಿದಿತ್ತು. ಅದನ್ನು ಕೊಂಡದ್ದು ಸಾಹಿತ್ಯದ ಪ್ರೀತಿಯಿಂದಲ್ಲ. ಪುಟ ತಿರುವಿದಾಗ ನೀರಿನ ಕೊಳವೆಯ ವಿಷಯ ಕಂಡಿತು, ಕೊಂಡೆ.

ನಾರ್ವೆ ದೇಶದ ಹೆನ್ರಿಕ್ ಇಬ್ಸನ್ 1882ರಲ್ಲಿ ಬರೆದ ಆ ನಾಟಕದ ಹೆಸರನ್ನು ನಮ್ಮ ಮಾತಿನಲ್ಲಿ ‘ಜನರ ಶತ್ರು’ ಎನ್ನಬಹುದು. ಐದು ಅಂಕಗಳು. ಸಮುದ್ರ ತೀರದ ಒಂದು ಸಣ್ಣ ಪಟ್ಟಣ. ಅಲ್ಲಿ ಆರೋಗ್ಯ ಸ್ನಾನಗೃಹಗಳು. ಹೊರಗಿನ ಜನ ಬಂದು ತಂಗಿ, ಸ್ನಾನ ಮಾಡಿ, ಹಣ ಖರ್ಚು ಮಾಡಿ ಹೋಗುತ್ತಾರೆ. ಊರಿನ ಬಾಡಿಗೆ, ಅಂಗಡಿ, ತೆರಿಗೆ ಎಲ್ಲಕ್ಕೂ ಅದೇ ಆಧಾರ. ಸ್ನಾನಗೃಹದ ವೈದ್ಯ ಡಾಕ್ಟರ್ ಸ್ಟಾಕ್‌ಮನ್ ನೀರಿನ ಮಾದರಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾನೆ. ನೀರು ಕೊಳೆತಿದೆ ಎಂದು ವರದಿ ಬರುತ್ತದೆ. ಮೇಲಿನ ಕಣಿವೆಯಲ್ಲಿರುವ ಚರ್ಮ ಹದ ಮಾಡುವ ಕಾರ್ಖಾನೆಗಳ ಹೊಲಸು ಇಳಿದು ಕೊಳವೆಗೆ ಸೇರುತ್ತಿದೆ. ನೀರೆತ್ತುವ ಜಾಗವನ್ನು ತೀರ ತಗ್ಗಿನಲ್ಲಿ ಇಟ್ಟದ್ದೇ ಮೂಲ ದೋಷ. ಇನ್ನೂ ಮೇಲಕ್ಕೆ ಹೋಗಬೇಕು ಎಂದು ಡಾಕ್ಟರ್ ಮೊದಲೇ ಹೇಳಿದ್ದ, ಯಾರೂ ಕೇಳಿರಲಿಲ್ಲ. ಈಗ ಇಡೀ ಕೊಳವೆ ಸಾಲನ್ನು ಮತ್ತೆ ಹಾಕಬೇಕು. ಅದಕ್ಕೆ ಎರಡು ವರ್ಷ ಬೇಕು, ಅಲ್ಲಿಯವರೆಗೆ ಸ್ನಾನಗೃಹ ಮುಚ್ಚಬೇಕು. ಊರಿನ ಮೇಯರ್ ಈ ಡಾಕ್ಟರನ ಸ್ವಂತ ಅಣ್ಣ. ಅವನಿಗೆ ಇದು ಬೇಡ. ಮೊದಲು ಬೆನ್ನು ತಟ್ಟಿದ ಪತ್ರಿಕೆಯ ಸಂಪಾದಕ, ಎಲ್ಲದಕ್ಕೂ ಮಿತವಾಗಿರಬೇಕು ಎನ್ನುವ ಮುದ್ರಣಾಲಯದ ಮಾಲೀಕ, ಎಲ್ಲರೂ ಖರ್ಚು ತೆರಿಗೆದಾರರ ಮೇಲೆ ಬೀಳುತ್ತದೆ ಎಂದು ತಿಳಿದ ಗಳಿಗೆಯಲ್ಲಿ ತಿರುಗಿ ಬೀಳುತ್ತಾರೆ.

ತಗ್ಗಿನಲ್ಲಿ ಇಟ್ಟ ನೀರೆತ್ತುವ ಜಾಗ ಎಂದೆನಲ್ಲ, ಅದು ನಾಟಕಕಾರನ ಕಲ್ಪನೆ ಮಾತ್ರ ಎಂದುಕೊಳ್ಳಬೇಡಿ. 1955ರ ಡಿಸೆಂಬರಿನಿಂದ 1956ರ ಜನವರಿವರೆಗೆ ದೆಹಲಿಯಲ್ಲಿ ಕಾಮಾಲೆ ಹರಡಿ, ಸುಮಾರು 29,000 ಜನ ಹಳದಿ ಕಣ್ಣಿನವರಾದರು. ಯಮುನೆಯ ಪಾತ್ರ ಸರಿದು, ನಜಫ್‌ಗಢ ನಾಲೆಯ ಕೊಳಚೆ ಹಿಂದಕ್ಕೆ ಹರಿದು ವಜೀರಾಬಾದಿನ ನೀರೆತ್ತುವ ಕೇಂದ್ರಕ್ಕೆ ಮುಟ್ಟಿತ್ತು. ನೀರಿಗೆ ಕ್ಲೋರಿನ್ ಹಾಕಿರಲಿಲ್ಲವೆಂದಲ್ಲ, ಹಾಕಿದ್ದರು. ಆದರೂ ಕಾಮಾಲೆಯ ರೋಗಾಣು ದಾಟಿ ಬಂತು. ನಮ್ಮ ವೃತ್ತಿಯವರು ಇದನ್ನು ಮರೆಯಬಾರದ ಪಾಠ ಎನ್ನುತ್ತೇವೆ, ಮರೆಯುತ್ತಲೂ ಇರುತ್ತೇವೆ.

ಚರ್ಮದ ಕಾರ್ಖಾನೆ ಎಂದಾಗ ಒಬ್ಬ ಹುಡುಗ ತಲೆ ತಗ್ಗಿಸಿದ್ದನ್ನು ಕಂಡೆ. ಅವನಿಗೂ ಹೇಳಿದೆ, ನಿಮಗೂ ಹೇಳುತ್ತೇನೆ. ಚರ್ಮ ಹದ ಮಾಡುವುದು ಡೋಹರ ಕಕ್ಕಯ್ಯ ಶರಣರ ಕಾಯಕ. ದೋಷ ಕಾಯಕದ್ದಲ್ಲ, ಹೊಲಸು ನೀರನ್ನು ಎಲ್ಲಿ ಬಿಡುತ್ತೀರಿ ಎಂಬುದರದ್ದು.

ಸರಿ, ನಾಟಕ ಓದಿಸಲು ಹೊರಟೆ. ಎರಡು ಭಾನುವಾರ ಓದಿದೆ. ಸ್ಟಾಕ್‌ಮನ್, ಹೋವ್‌ಸ್ಟಾಡ್, ಆಸ್ಲಾಕ್ಸನ್: ಹೆಸರುಗಳೇ ಹುಡುಗರ ಬಾಯಿಗೆ ಬರಲಿಲ್ಲ. ಸ್ನಾನ ಮಾಡಲು ಯಾಕೆ ಬೇರೆ ಊರಿಗೆ ಬರ್ತಾರ ಸರ್ ಎಂದು ಒಬ್ಬ ಕೇಳಿದ. ಉಳಿದವರು ನಿದ್ದೆ ಮಾಡಿದರು. ನನಗೂ ನಿದ್ದೆ ಬರುವಂತಿತ್ತು. ಮೂರನೆಯ ವಾರ ನನ್ನ ಅಳಿಯ ‘ಗಣಶತ್ರು’ ಎಂಬ ಬಂಗಾಳಿ ಸಿನಿಮಾವನ್ನು ತಂದುಕೊಟ್ಟ. ಸತ್ಯಜಿತ್ ರೇ ಅವರು ಇದೇ ನಾಟಕವನ್ನು ಆಧರಿಸಿ 1989ರಲ್ಲಿ ಮಾಡಿದ್ದು. ಇಂಗ್ಲಿಷ್ ಅಡಿಬರಹ ಇತ್ತು, ಅಂದರೆ ಇಂಗ್ಲಿಷ್ ಪಾಠವೂ ಆಯಿತು. ಸಭಾಭವನದ ಪ್ರೊಜೆಕ್ಟರ್ ಕೇಳಿ ಪಡೆದೆ.

ಸಿನಿಮಾ ಶುರುವಾಗಿ ಕಾಲು ಗಂಟೆಯಲ್ಲಿ ಹುಡುಗರು ನೆಟ್ಟಗೆ ಕುಳಿತಿದ್ದರು. ಏಕೆಂದರೆ ರೇ ಅವರು ನಾರ್ವೆಯ ಸ್ನಾನಗೃಹವನ್ನು ತೆಗೆದು ಅಲ್ಲಿ ದೇವಸ್ಥಾನ ಇಟ್ಟಿದ್ದಾರೆ. ಬಂಗಾಳದ ಚಂಡೀಪುರ ಎಂಬ ಊರು. ಅಲ್ಲಿ ತ್ರಿಪುರೇಶ್ವರ ದೇವಾಲಯ; ದಿನವೂ ಯಾತ್ರಿಕರ ಸಾಲು. ಊರಿನಲ್ಲಿ ಕಾಮಾಲೆ ಹರಡುತ್ತಿದೆ. ಡಾಕ್ಟರ್ ಅಶೋಕ್ ಗುಪ್ತ ನೀರು ಪರೀಕ್ಷೆ ಮಾಡಿಸುತ್ತಾನೆ. ನೆಲದಡಿಯ ಕೊಳವೆಗಳ ದೋಷದಿಂದ ಕೊಳಚೆ ಸೇರುತ್ತಿರುವುದು ದೇವಸ್ಥಾನದ ಸುತ್ತಲಿನ ನೀರಿಗೆ. ಅಂದರೆ ಭಕ್ತರು ಕಣ್ಣಿಗೊತ್ತಿಕೊಂಡು ಕುಡಿಯುವ ಚರಣಾಮೃತಕ್ಕೆ. ಇಲ್ಲಿ ಪುರಸಭೆಯ ಅಧ್ಯಕ್ಷ ಡಾಕ್ಟರನ ತಮ್ಮ. ತುಳಸಿ, ಗಂಗಾಜಲ ಬೆರೆತ ತೀರ್ಥಕ್ಕೆ ಕೊಳೆ ಹೇಗೆ ಅಂಟೀತು ಎಂಬುದು ದೇವಸ್ಥಾನದವರ ವಾದ. ನಾಟಕದಲ್ಲಿ ಡಾಕ್ಟರನಿಗೆ ಎದುರಾಗಿದ್ದದ್ದು ದುಡ್ಡು ಮಾತ್ರ. ಸಿನಿಮಾದಲ್ಲಿ ದುಡ್ಡು ಭಕ್ತಿಯ ಶಾಲು ಹೊದ್ದುಕೊಂಡು ಬರುತ್ತದೆ.

ಸ್ನಾನಕ್ಕೆ ಬೇರೆ ಊರಿಗೆ ಯಾಕೆ ಎಂದವನೇ ಈಗ ಕೇಳಿದ: “ಸರ್, ನಾವು ಪಾದೋದಕ ತಗೋತೀವಲ್ಲ, ಅದರ ನೀರು ಎಲ್ಲಿಂದ ಬರ್ತದ?” ನಾನು ಅವತ್ತು ಉತ್ತರ ಕೊಡಲಿಲ್ಲ. ಸಿನಿಮಾ ನೋಡು ಎಂದೆ.

ಒಂದು ಮಾತು ಇಲ್ಲಿ ಗುರುಗಳಿಗೆ. ಈ ಸಿನಿಮಾವನ್ನು ನನ್ನ ಸ್ನೇಹಿತರೊಬ್ಬರು ಇಷ್ಟಪಡುವುದಿಲ್ಲ. ‘ಪಥೇರ್ ಪಾಂಚಾಲಿ’ ಮಾಡಿದ ಮನುಷ್ಯ ಇದೇನು, ನಾಲ್ಕು ಗೋಡೆಯೊಳಗೆ ಕುರ್ಚಿ ಹಾಕಿ ಮಾತಾಡಿಸಿದ್ದಾರೆ ಎನ್ನುತ್ತಾರೆ. ಮಾತು ನಿಜ. 1983ರಲ್ಲಿ ರೇ ಅವರಿಗೆ ಹೃದಯಾಘಾತವಾಗಿತ್ತು. ಹೊರಾಂಗಣದ ಓಡಾಟ ಬೇಡವೆಂಬ ವೈದ್ಯರ ಸಲಹೆಯಂತೆ ಇಡೀ ಚಿತ್ರವನ್ನು ಸ್ಟುಡಿಯೋದಲ್ಲೇ ತೆಗೆದರು. ಸಿನಿಮಾ ಎಂದು ನೋಡಿದರೆ ಅದು ಕೊರತೆ ಇರಬಹುದು. ಪಾಠ ಮಾಡುವವನಿಗೆ ಅದೇ ಅನುಕೂಲ. ನಾಟಕದ ಕೋಣೆ, ನಾಟಕದ ಮಾತು, ಯಾರು ಬಾಗಿಲು ತೆರೆದು ಒಳಗೆ ಬಂದರು, ಯಾರು ಮುಖ ತಿರುಗಿಸಿದರು, ಎಲ್ಲ ಕಣ್ಣಿಗೆ ಕಾಣುತ್ತದೆ. ಸೌಮಿತ್ರ ಚಟರ್ಜಿ ಅವರು ಡಾಕ್ಟರನ ಪಾತ್ರದಲ್ಲಿ ಕೂಗಾಡುವುದು ಕಡಿಮೆ. ಮನೆಯವರೆದುರು ಸುಮ್ಮನೆ ಕುಳಿತಾಗಲೇ ಅವರ ಸೋಲು ಹೆಚ್ಚು ಕಾಣುತ್ತದೆ. ಅಷ್ಟು ನೋಡಿಕೊಂಡು ನಾಟಕಕ್ಕೆ ಮರಳಿದಾಗ ಸ್ಟಾಕ್‌ಮನ್ ಎಂಬ ಹೆಸರು ಯಾರ ಬಾಯಲ್ಲೂ ತೊಡರಲಿಲ್ಲ.

ಆದರೆ ಸಿನಿಮಾವನ್ನು ಪೂರ್ತಿ ತೋರಿಸಿ ಆಮೇಲೆ ನಾಟಕ ಓದಿಸಿದರೆ ಹುಡುಗರು ನಾಟಕ ಓದುವುದಿಲ್ಲ. ಕಥೆ ಗೊತ್ತಾಯಿತಲ್ಲ ಸರ್ ಎನ್ನುತ್ತಾರೆ. ಅದಕ್ಕೆ ನಾನು ಸಾರ್ವಜನಿಕ ಸಭೆಯ ದೃಶ್ಯಕ್ಕೆ ಬಂದಾಗ ನಿಲ್ಲಿಸಿಬಿಟ್ಟೆ. ಹುಡುಗರು ಗಲಾಟೆ ಮಾಡಿದರು. ಮುಂದೇನಾಯಿತೆಂದು ತಿಳಿಯಬೇಕಾದರೆ ಪುಸ್ತಕದ ನಾಲ್ಕನೆಯ ಅಂಕ ಓದಿ ಎಂದೆ. ಓದಿದರು. ನಿಘಂಟು ಹಿಡಿದುಕೊಂಡು, ಇಬ್ಬಿಬ್ಬರಾಗಿ ಕುಳಿತು ಓದಿದರು. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಹೊಳೆದ ಉಪಾಯಗಳಲ್ಲಿ ಇದೇ ಒಳ್ಳೆಯದು ಎಂದು ನನ್ನ ಮನೆಯವರು ಹೇಳುತ್ತಾರೆ.

ನಾಲ್ಕನೆಯ ಅಂಕದಲ್ಲಿ ಏನಿದೆ? ಸಭೆಗೆ ಊರಿನವರು ಜಾಗ ಕೊಡುವುದಿಲ್ಲ. ಹಡಗಿನ ಕಪ್ತಾನನೊಬ್ಬ ತನ್ನ ಮನೆ ಕೊಡುತ್ತಾನೆ. ಡಾಕ್ಟರನಿಗೆ ನೀರಿನ ವಿಷಯ ಮಾತಾಡಲು ಬಿಡುವುದಿಲ್ಲ. ಆಗ ಅವನು ಸಿಟ್ಟಿಗೆದ್ದು ಬೇರೆಯದನ್ನೇ ಮಾತಾಡುತ್ತಾನೆ. ಬಹುಮತ ಎಂದೂ ಸರಿಯಿರುವುದಿಲ್ಲ ಎನ್ನುತ್ತಾನೆ. ಅಷ್ಟಕ್ಕೆ ನಿಲ್ಲಿಸುವುದಿಲ್ಲ. ಬೀದಿ ನಾಯಿಗೂ ಒಳ್ಳೆಯ ತಳಿಯ ನಾಯಿಗೂ ಮೆದುಳಿನಲ್ಲೇ ಎಷ್ಟು ವ್ಯತ್ಯಾಸವಿದೆ ನೋಡಿ, ಮನುಷ್ಯರಲ್ಲೂ ಹಾಗೇ ಎನ್ನುತ್ತಾನೆ.

ಇದನ್ನು ಓದಿದ ಭಾನುವಾರ ನಮ್ಮ ಕೋಣೆ ಬಿಸಿಯಾಯಿತು. ಸಿನಿಮಾ ನೋಡಿ ಡಾಕ್ಟರನನ್ನು ದೇವರಂತೆ ಕಂಡ ಹುಡುಗರು ಅವನ ಬಾಯಲ್ಲಿ ಈ ಮಾತು ಕೇಳಿ ಬೆಚ್ಚಿದರು. ಹುಟ್ಟಿನಿಂದ ಮೇಲು ಕೀಳು ಎನ್ನುವ ಮಾತು ಯಾವ ಬಾಯಿಂದ ಬಂದರೂ ಒಪ್ಪಬೇಡಿ ಎಂದು ನಾವೇ ಅವರಿಗೆ ಕಲಿಸಿದ್ದೇವಲ್ಲ. ಒಬ್ಬ ಹುಡುಗ ಎದ್ದು ನಿಂತು, “ನೀರಿನ ವಿಷಯದಾಗ ಇವನು ಖರೇ ಹೇಳ್ಯಾನ, ಮನುಷ್ಯರ ವಿಷಯದಾಗ ಸುಳ್ಳು ಹೇಳ್ಯಾನ” ಎಂದ. ಇಬ್ಸನ್‌ಗೆ ನ್ಯಾಯ ಒದಗಿಸಲು ನಾನು ಒಂದು ಸೇರಿಸಬೇಕಾಯಿತು. ಕೀಳು ತಳಿ ಎಂದು ಡಾಕ್ಟರ್ ಹೇಳುವುದು ಬಡವರನ್ನು ಮಾತ್ರವಲ್ಲ. ಮೇಯರ್ ಆದ ತನ್ನ ಅಣ್ಣನನ್ನೂ ಅದಕ್ಕೇ ಸೇರಿಸುತ್ತಾನೆ. ಆದರೂ ಉಪಮೆ ಹೊಲಸೇ. ನಾಟಕಕಾರ ಬೇಕೆಂದೇ ತನ್ನ ನಾಯಕನಿಗೆ ಈ ಹುಳುಕು ಇಟ್ಟನೋ, ಸ್ವಂತ ಸಿಟ್ಟನ್ನೇ ಅವನ ಬಾಯಲ್ಲಿ ಹಾಕಿದನೋ ಎಂದು ಚರ್ಚೆ ಆಯಿತು. 1881ರಲ್ಲಿ ಬಂದ ಅವನ ಹಿಂದಿನ ನಾಟಕ ‘ಪ್ರೇತಗಳು’ ನೋಡಿ ಊರೆಲ್ಲ ಅವನನ್ನು ಬೈದಿತ್ತು. ಸಿಟ್ಟು ಇತ್ತೆನ್ನುವುದಂತೂ ನಿಜ.

ಆಮೇಲೆ ಸಿನಿಮಾದ ಸಭೆ ತೋರಿಸಿದೆ. ಅಲ್ಲಿ ಈ ಭಾಷಣವೇ ಇಲ್ಲ! ರೇ ಅವರು ಅದನ್ನು ತೆಗೆದು ಹಾಕಿದ್ದಾರೆ. ಅಮೆರಿಕದ ಆರ್ಥರ್ ಮಿಲ್ಲರ್ 1950ರಲ್ಲಿ ಇದೇ ನಾಟಕವನ್ನು ತಿದ್ದಿ ಬರೆದಾಗ ಅವರೂ ತಳಿಯ ಮಾತನ್ನು ಕೈಬಿಟ್ಟಿದ್ದರು. ರೇ ಅವರ ಸಿನಿಮಾದಲ್ಲಿ ತಮ್ಮ ಎದ್ದು ಡಾಕ್ಟರನಿಗೆ ಬೇರೆ ಪ್ರಶ್ನೆ ಹಾಕುತ್ತಾನೆ. ನೀನು ಹಿಂದೂವೋ ಅಲ್ಲವೋ, ದೇವಸ್ಥಾನಕ್ಕೆ ಹೋಗುತ್ತೀಯೋ ಇಲ್ಲವೋ. ಡಾಕ್ಟರ್ ಸುಳ್ಳು ಹೇಳುವವನಲ್ಲ. ಹೋಗುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅಷ್ಟೇ ಸಾಕಾಯಿತು. ಪ್ರಯೋಗಾಲಯದ ವರದಿ ಯಾರಿಗೂ ಬೇಡವಾಯಿತು. ನೀರಿನ ಪ್ರಶ್ನೆ ನಿಷ್ಠೆಯ ಪ್ರಶ್ನೆಯಾಗಿ ಹೋಯಿತು.

ನಿಮಗೆ ನಿಜ ಹೇಳಬೇಕೆಂದರೆ ಈ ದೃಶ್ಯ ನಾಟಕಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿತು. ಭಾಷಣ ತೆಗೆದದ್ದರಿಂದ ನಷ್ಟವೂ ಇದೆ. ಸಿನಿಮಾದ ಡಾಕ್ಟರ್ ತೀರ ಒಳ್ಳೆಯವನು. ಅವನ ಜೊತೆ ಜಗಳ ತೆಗೆಯಲು ಹುಡುಗರಿಗೆ ಏನೂ ಉಳಿಯಲಿಲ್ಲ. ಇನ್ನೊಂದು ನಷ್ಟ ನಾನು ಇಂಜಿನಿಯರ್ ಆದ್ದರಿಂದ ಹೇಳುತ್ತೇನೆ. ನಾಟಕದಲ್ಲಿ ಹೊಲಸು ಬಿಡುವವನು ಒಬ್ಬ ಇದ್ದಾನೆ, ಮಾರ್ಟನ್ ಕೀಲ್. ಡಾಕ್ಟರನ ಹೆಂಡತಿಯನ್ನು ಸಾಕಿದ ತಂದೆ. ಹೆಂಡತಿ ಮಕ್ಕಳಿಗೆ ಬರಬೇಕಾದ ಆಸ್ತಿಯ ಹಣದಲ್ಲೇ ಸ್ನಾನಗೃಹದ ಷೇರು ಕೊಂಡು ಬಂದು, ಈಗ ನೀರು ಕೆಟ್ಟಿದೆ ಎಂದರೆ ನಿನ್ನ ಮಕ್ಕಳೇ ಭಿಕಾರಿಗಳು ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಎಂಥ ಹಿಡಿತ ನೋಡಿ! ಸಿನಿಮಾದಲ್ಲಿ ಈ ಮನುಷ್ಯ ಇಲ್ಲ. ಕೊಳವೆ ಒಡೆದಿದೆ, ಅಷ್ಟೇ. ಒಡೆದ ಕೊಳವೆಗೆ ಸಂಸಾರ ಇರುವುದಿಲ್ಲ.

ಕೊನೆಯಂತೂ ಎರಡರಲ್ಲೂ ಬೇರೆ ಬೇರೆ. ನಾಟಕದಲ್ಲಿ ಇಡೀ ಸಭೆ ಅವನನ್ನು ಜನರ ಶತ್ರು ಎಂದು ಘೋಷಿಸುತ್ತದೆ. ವಿರುದ್ಧ ಮತ ಹಾಕಿದವನು ಒಬ್ಬ ಕುಡುಕ ಮಾತ್ರ. ಮನೆಯ ಗಾಜಿಗೆ ಕಲ್ಲು ಬೀಳುತ್ತದೆ, ಶಾಲೆಯಲ್ಲಿ ಕಲಿಸುತ್ತಿದ್ದ ಮಗಳ ಕೆಲಸ ಹೋಗುತ್ತದೆ, ಮನೆ ಬಿಡಲು ನೋಟಿಸು ಬರುತ್ತದೆ, ಕಪ್ತಾನನ ಹಡಗೂ ಹೋಗುತ್ತದೆ. ಒಂಟಿಯಾಗಿ ನಿಲ್ಲಬಲ್ಲವನೇ ಗಟ್ಟಿ ಎಂಬ ತೀರ್ಮಾನಕ್ಕೆ ಡಾಕ್ಟರ್ ಬರುತ್ತಾನೆ. ಸಿನಿಮಾದಲ್ಲಿ ಮಗಳ ಗೆಳೆಯ ಮತ್ತು ಊರಿನ ತರುಣರು ಡಾಕ್ಟರನ ಹೆಸರು ಕೂಗುತ್ತ ಬರುತ್ತಾರೆ, ಅವನು ಒಂಟಿಯಲ್ಲ. ಕಡೆಗೆ ಪರದೆಯ ಮೇಲೆ ಉಳಿಯುವುದು ಎರಡು ವಸ್ತು: ಸ್ಟೆಥೋಸ್ಕೋಪು, ಪಕ್ಕದಲ್ಲಿ ಚರಣಾಮೃತದ ಪುಟ್ಟ ಸೀಸೆ.

ಹುಡುಗರಲ್ಲಿ ಎರಡು ಪಕ್ಷವಾಯಿತು. ಅರ್ಧ ಜನಕ್ಕೆ ಸಿನಿಮಾದ ಕೊನೆ ಹಿಡಿಸಿತು. ನನಗೆ ಅದು ಸ್ವಲ್ಪ ಸುಲಭವಾಯಿತು ಎನ್ನಿಸಿತು. ನನ್ನ ಅನುಭವದಲ್ಲಿ ಬಾಗಿಲಿಗೆ ಯಾರೂ ಜೈಕಾರ ಹಾಕಿಕೊಂಡು ಬಂದದ್ದಿಲ್ಲ. ಆದರೆ ನಾಟಕದ ಕೊನೆಯಲ್ಲಿ ಯಾರೂ ಹೆಚ್ಚಾಗಿ ನೆನಪಿಡದ ಒಂದು ಸಂಗತಿ ಇದೆ, ಅದನ್ನು ಹುಡುಗರೇ ಹೆಕ್ಕಿದರು. ಎಲ್ಲ ಕಳೆದುಕೊಂಡ ಡಾಕ್ಟರ್ ತನ್ನ ಇಬ್ಬರು ಗಂಡುಮಕ್ಕಳಿಗೆ ತಾನೇ ಪಾಠ ಹೇಳಲು ಹೊರಡುತ್ತಾನೆ, ಜೊತೆಗೆ ಬೀದಿಯಲ್ಲಿ ಅಲೆಯುವ ಹುಡುಗರನ್ನೂ ಕರೆದು ತನ್ನಿ ಎನ್ನುತ್ತಾನೆ. “ನಿನ್ನೆ ನಾಯಿ ಕಥಿ ಹೇಳಿದವ ಇವತ್ತು ಬೀದಿ ಹುಡುಗರನ್ನ ಕರೀತಾನಲ್ಲ ಸರ್, ಬುದ್ಧಿ ಬಂತೇನು?” ಎಂದ ಒಬ್ಬ. ಸಿನಿಮಾ ಮಾತ್ರ ನೋಡಿದ್ದರೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನಾಟಕ ಮಾತ್ರ ಓದಿದ್ದರೆ ಅಲ್ಲಿಯವರೆಗೆ ಯಾರೂ ಎಚ್ಚರವಾಗಿರುತ್ತಿರಲಿಲ್ಲ.

ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ದಿನ ಒಬ್ಬ ಕೇಳಿದ: “ಸರ್, ನಿಮಗ ಇಂಥ ವರದಿ ಎಂದಾದ್ರೂ ಬಂದಿತ್ತೇನು?”

ಬಂದಿತ್ತು. ಊರಿನ ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಹೊಸದಾಗಿ ಸಹಾಯಕ ಇಂಜಿನಿಯರ್ ಆಗಿದ್ದೆ. ಜಾತ್ರೆಗೆ ಎಂಟು ದಿನ ಇತ್ತು. ಗಟಾರದ ಮೂಲಕ ಹಾದು ಹೋಗುವ ಕೊಳವೆಯ ಕೀಲುಗಳು ಸೋರುತ್ತಿದ್ದವು. ನಿಮಗೆ ಒಂದು ಸಣ್ಣ ವಿವರ ಹೇಳಬೇಕು. ಕೊಳವೆಯಲ್ಲಿ ನೀರು ತುಂಬಿ ಹರಿಯುವಾಗ ಸೋರಿಕೆಯಿಂದ ನೀರು ಹೊರಗೆ ಹೋಗುತ್ತದೆ. ನೀರು ಬಿಡುವುದನ್ನು ನಿಲ್ಲಿಸಿದಾಗ ಒಳಗೆ ಒತ್ತಡ ಇಳಿದು, ಅದೇ ಕಿಂಡಿಯಿಂದ ಹೊರಗಿನದ್ದು ಒಳಗೆ ಹೀರಿಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಊರುಗಳಲ್ಲಿ ಇದು ಸದಾ ನಡೆಯುವ ಆಟ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದರೂ ಕ್ಲೋರಿನ್ ಉಳಿದಿರಬೇಕು. ನಾನು ಪರೀಕ್ಷೆ ಮಾಡಿದಾಗ ಏನೂ ಇರಲಿಲ್ಲ. ಮೇಲಿನವರಿಗೆ ಹೇಳಿದೆ. ಜಾತ್ರೆ ಮುಗಿಯಲಿ ಎಂದರು. ‘ಜಾತ್ರೆಯ ನಂತರ ದುರಸ್ತಿ ಕೈಗೊಳ್ಳಬಹುದು’ ಎಂದು ಟಿಪ್ಪಣಿ ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ, ಅಕ್ಷರ ನನ್ನದೇ. ತೊಟ್ಟಿಗೆ ಬ್ಲೀಚಿಂಗ್ ಪುಡಿ ಜಾಸ್ತಿ ಹಾಕಿಸಿ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಜಾತ್ರೆಯಾದ ವಾರದಲ್ಲಿ ಆ ಓಣಿಯ ಅನೇಕರಿಗೆ ವಾಂತಿ ಭೇದಿ ಆಯಿತು. ಆ ನೀರಿನಿಂದಲೇ ಆಯಿತೇ? ಯಾರೂ ಪರೀಕ್ಷೆ ಮಾಡಲಿಲ್ಲ. ಮಾಡಬೇಕಾಗಿದ್ದವನು ನಾನೇ.

ಇಷ್ಟು ಹೇಳಿದೆ. ಕೋಣೆಯಲ್ಲಿ ಸದ್ದಿರಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, ಬೇಸರದಿಂದಲೂ ಅಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದ: “ಹಂಗಾದ್ರ ನೀವು ಮೇಯರ್ ಕಡೆ ಇದ್ರಿ.”

ಮುಂದಿನ ಭಾನುವಾರ ನಾನು ಪಾಠಕ್ಕೆ ಪುಸ್ತಕ ಒಯ್ಯಲಿಲ್ಲ. ಆರು ಪರೀಕ್ಷಾ ಸೀಸೆ ಒಯ್ದೆ. ಹಳ್ಳಿಗಳಲ್ಲಿ ನೀರು ಪರೀಕ್ಷೆಗೆ ಬಳಸುವ ಸಾಮಾನ್ಯ ಸೀಸೆಗಳು. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇರುವ ನೀರು ಕಪ್ಪಾಗುತ್ತದೆ. ಹುಡುಗರು ಮಠದ ಆರು ನಲ್ಲಿಗಳಿಂದ ನೀರು ಹಿಡಿದು, ಹೆಸರು ಬರೆದು ಇಟ್ಟರು. ಐದು ಹಾಗೇ ಉಳಿದವು. ದಾಸೋಹ ಮನೆಯ ಹಿಂದಿನ ನಲ್ಲಿಯದು ಮರುದಿನವೇ ಕಪ್ಪಾಯಿತು. ನಂಬಿಕೆ ಬರಲಿಲ್ಲ. ಮತ್ತೆ ಎರಡು ಬಾರಿ ಮಾಡಿಸಿದೆ. ಎರಡು ಬಾರಿಯೂ ಕಪ್ಪು. ಇದು ಪ್ರಾಥಮಿಕ ಪರೀಕ್ಷೆ. ಪ್ರಯೋಗಾಲಯಕ್ಕೆ ಮಾದರಿ ಹೋಗಿದೆ, ವರದಿ ಇನ್ನೂ ಬರಬೇಕು.

ನಮ್ಮ ಹಿರಿಯರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಜಾತ್ರೆಗೆ ಇಪ್ಪತ್ತು ದಿನ ಉಳಿದಾವ, ಈಗ್ಯಾಕ್ರಿ ಇದನ್ನ ಎತ್ತೋದು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತನ್ನು ನಾನೇ ಒಮ್ಮೆ ಕಾಗದದ ಮೇಲೆ ಬರೆದವನು. ಪೂಜ್ಯರ ಬಳಿ ಹೋಗಿ ಸೀಸೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು: ಪಾದೋದಕಕ್ಕೂ ಇದೇ ನಲ್ಲಿಯ ನೀರು ಅಲ್ಲವೇ ಎಂದು. ಹೌದು ಎಂದೆ. ಹಾಗಾದರೆ ಗೋಷ್ಠಿಯಲ್ಲಿ ಎಲ್ಲರೆದುರು ಹೇಳಿ ಎಂದರು. ಅದಕ್ಕೇ ಇವತ್ತು ನಾಟಕದ ನೆಪದಲ್ಲಿ ನಿಮ್ಮೆದುರು ನಿಂತಿದ್ದೇನೆ.

ಆ ನಲ್ಲಿಗೆ ತಂತಿ ಸುತ್ತಿ ಮುಚ್ಚಿದ್ದೇವೆ, ದಯವಿಟ್ಟು ಯಾರೂ ಬಿಚ್ಚಬೇಡಿ. ದಾಸೋಹಕ್ಕೂ ಪೂಜೆಗೂ ಪೂರ್ವ ದಿಕ್ಕಿನ ಕೊಳವೆ ಬಾವಿಯ ನೀರನ್ನೇ, ಕುದಿಸಿ ಆರಿಸಿ, ಬಳಸಲಾಗುತ್ತಿದೆ. ಕೆಟ್ಟ ನಲ್ಲಿಯ ಕೊಳವೆ ಹಿಂದಿನ ಗಟಾರದ ಗುಂಟ ಸುಮಾರು ನಲವತ್ತು ಅಡಿ ಹೋಗಿದೆ ಎಂದು ನನ್ನ ಅಂದಾಜು. ಆದರೆ ಅದನ್ನು ಹಾಕಿ ಮೂವತ್ತು ವರ್ಷ ಆಗಿರಬೇಕು, ನಕಾಶೆ ಇಲ್ಲ. ಆಗ ಕೆಲಸ ಮಾಡಿದ ಮೇಸ್ತ್ರಿ ಯಾರು, ಕೊಳವೆ ಎಲ್ಲಿ ತಿರುಗುತ್ತದೆ ಎಂದು ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ ಪ್ರಸಾದಕ್ಕೆ ಹೋಗುವ ಮುಂಚೆ ಹೇಳಿ ಹೋಗಿ. ಬಾಗಿಲ ಹತ್ತಿರ ನಮ್ಮ ಹುಡುಗರು ನೋಟ್‌ಬುಕ್ ಹಿಡಿದು ನಿಂತಿರುತ್ತಾರೆ. ನಾಳೆ ಬೆಳಿಗ್ಗೆ ಆರಕ್ಕೆ ಅಗೆಯಲು ಶುರು ಮಾಡುತ್ತೇವೆ.